ದೊಡ್ಡ ರೈಫಲ್‌ಗೆ ನಾನೇ ತುಂಬಿದ ತೋಟಾ

ಮೂರು ಈಡು, ಮೂರೂ ಮೂರು ದಿಕ್ಕಿಗೆ! ನನ್ನ .375 ಎಚ್ ಅಂಡ್ ಎಚ್ ಮ್ಯಾಗ್ನಮ್ ರೈಫಲ್‌ಗೆ ನಾನೇ ತುಂಬಿದ ಮೊದಲ ತೋಟಾಗಳ ಕಥೆ ಇದು. ಮದ್ದಿನ ತೂಕ ತಪ್ಪಿದೆ ಅಂದುಕೊಂಡೆ. ನೋಡಿದರೆ ಅರ್ಧ ತಪ್ಪು ನನ್ನದೇ, ಒದೆ ಬೀಳುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ.

1912ರಲ್ಲಿ ಬಂದ ಈ ತೋಟಾದ ಬುಡದಲ್ಲಿ ಒಂದು ಪಟ್ಟಿ ಇದೆ, ಚೇಂಬರ್‌ನಲ್ಲಿ (ನಳಿಗೆಯ ಹಿಂದೆ ತೋಟಾ ಕೂರುವ ಗೂಡು) ಅದು ನಿಲ್ಲುವುದು ಆ ಪಟ್ಟಿಯ ಆಧಾರದ ಮೇಲೆ. ಆದರೆ ಒಮ್ಮೆ ಹಾರಿಸಿದ ಕೇಸಿನ, ಅಂದರೆ ಹಿತ್ತಾಳೆ ಕವಚದ, ಭುಜ (ಕತ್ತಿನ ಕೆಳಗಿನ ಇಳಿಜಾರು) ಚೇಂಬರ್ ಅಳತೆಗೆ ಹಿಗ್ಗಿರುತ್ತದೆ, ಕೇಸನ್ನು ಮತ್ತೆ ಅಳತೆಗೆ ತರುವ ಡೈಯನ್ನು ಸುಮ್ನೆ ಪೂರ್ತಿ ಇಳಿಸಿ ಭುಜವನ್ನು ಜಾಸ್ತಿ ಹಿಂದಕ್ಕೆ ತಳ್ಳಿದರೆ ಹಿತ್ತಾಳೆ ಪ್ರತಿ ಸಲ ಎಳೆದುಕೊಂಡು ಕೊನೆಗೆ ಪಟ್ಟಿಯ ಮುಂದೆಯೇ ಬಿರುಕು ಬಿಡುತ್ತದೆ. ಬೋಲ್ಟ್ (ಚೇಂಬರ್ ಮುಚ್ಚುವ ಚಿಲಕ) ಸಲೀಸಾಗಿ ಮುಚ್ಚುವಷ್ಟು ತಳ್ಳಿದರೆ ಸಾಕು.

ಮದ್ದು ಯಾವಾಗಲೂ ಕೈಪಿಡಿಯ ಕನಿಷ್ಠ ತೂಕದಿಂದಲೇ ಶುರು, ಆಮೇಲೆ ಸ್ವಲ್ಪಸ್ವಲ್ಪವೇ ಮೇಲಕ್ಕೆ. ತೂಗುವುದು ಗ್ರೇನ್‌ನಲ್ಲಿ, 7,000 ಗ್ರೇನ್ ಸೇರಿದರೆ ಒಂದು ಪೌಂಡ್, ಅಷ್ಟು ಸಣ್ಣ ಲೆಕ್ಕ ಇದು. ಬೋಲ್ಟ್ ಎತ್ತಲು ಬಿಗಿಯಾಯಿತಾ, ಒತ್ತಡ ಮೀರಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ವೇಗದ ಹುಚ್ಚು ನನಗೂ ಇತ್ತು, ಆದರೆ ಈಡುಗಳು ಒಂದೇ ಕಡೆ ಗುಂಪು ಕಟ್ಟಿದ್ದು ಗರಿಷ್ಠಕ್ಕಿಂತ ಸಾಕಷ್ಟು ಕೆಳಗೆ.

ಇನ್ನೊಂದು ವಿಷಯ, ಕ್ರಿಂಪ್, ಅಂದರೆ ಕೇಸಿನ ಬಾಯನ್ನು ಗುಂಡಿನ ಮೇಲೆ ಮಡಚಿ ಬಿಗಿಯುವುದು. ಎರಡು ಈಡು ಹೊಡೆದ ಮೇಲೆ ಮ್ಯಾಗಜಿನ್‌ನಲ್ಲಿ ಉಳಿದ ತೋಟಾ ತೆಗೆದು ಕ್ಯಾಲಿಪರ್‌ಗೆ ಹಿಡಿದೆ. ಉದ್ದ ಕಡಿಮೆಯಾಗಿತ್ತು! ಒದೆತಕ್ಕೆ ಗುಂಡಿನ ಮೂತಿ ಮ್ಯಾಗಜಿನ್ ಗೋಡೆಗೆ ಬಡಿದು ಕೇಸಿನೊಳಗೆ ಜಾರಿತ್ತು, ಹಾಗಾದರೆ ಒತ್ತಡವೂ ಏರಬಹುದು ಅಲ್ವಾ? ಈಗ ಗುಂಡಿನ ಗೀರು ಇರುವ ಕಡೆಗೇ ಕೇಸಿನ ಬಾಯಿ ಬಿಗಿಯಾಗಿ ಮಡಚುತ್ತೇನೆ, ಪ್ರತಿ ಸಲ ಅಳೆದೂ ನೋಡುತ್ತೇನೆ.