ಸ್ನೋ ಬ್ಲೋವರ್‌ಗೆ ಎಲ್‌ಇಡಿ ದೀಪ

ಕೊನೆಗೂ ನಮ್ಮ ಹಳೇ ಸ್ನೋ ಬ್ಲೋವರ್‌ಗೆ, ಅಂದರೆ ದಾರಿಯ ಹಿಮ ಎತ್ತಿ ಪಕ್ಕಕ್ಕೆ ಎಸೆಯುವ ಯಂತ್ರಕ್ಕೆ, ಎರಡು ಎಲ್‌ಇಡಿ ದೀಪ ಕೂರಿಸಿದೆ! ಅಮೆರಿಕದ ಈ ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಬಂತೆಂದರೆ ಸಂಜೆ 4.30ರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗಲೂ ಕತ್ತಲು, ಹಾಗಾಗಿ ಹಿಮ ತೆಗೆಯುವುದು ಯಾವಾಗಲೂ ಕತ್ತಲಲ್ಲೇ. ಮೊದಲಿದ್ದ ಹ್ಯಾಲೋಜನ್ ಬಲ್ಬ್ ತುಂಬಾ ಮಂಕು.

ಸುಮ್ನೆ ವೈರ್ ಸೇರಿಸಿದರೆ ಆಗುವುದಿಲ್ಲ. ನಮ್ಮ ಇಂಜಿನ್ನಿನ ಕಾಯಿಲ್ ಕೊಡುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು; ಈ ದೀಪಕ್ಕೆ ಬೇಕಾದದ್ದು ಡಿಸಿ, ಒಂದೇ ದಿಕ್ಕಿಗೆ ಹರಿಯುವುದು. ಅದಕ್ಕೆ ನಡುವೆ ಎಸಿಯನ್ನು ಡಿಸಿ ಮಾಡುವ ಒಂದು ಬ್ರಿಡ್ಜ್ ರೆಕ್ಟಿಫೈಯರ್, ಬೆಳಕು ಪಟಪಟ ಮಿನುಗದಿರಲಿ ಅಂತ ಒಂದು ಕೆಪಾಸಿಟರ್. ಅದುರಾಟಕ್ಕೆ ಸಡಿಲವಾಗದ ಹಾಗೆ ಲಾಕ್ ನಟ್, ರಬ್ಬರ್ ವಾಷರ್ ಹಾಕಿದೆ. ಒಂದು ತೊಂದರೆ ಇದೆ: ಎಲ್‌ಇಡಿ ಹ್ಯಾಲೋಜನ್ ಥರ ಬಿಸಿಯಾಗುವುದಿಲ್ಲ, ಗಾಜಿನ ಮೇಲೆ ಕೂತ ಹಿಮ ಕರಗುವುದಿಲ್ಲ, ಆಗಾಗ ಕೈಗವಸಿನಿಂದ ಒರೆಸಬೇಕು.

ದೀಪಗಳನ್ನು ಬೇಕೆಂದೇ ಕೆಳಗೆ ಹಾಕಿದೆ. ಮೇಲಿದ್ದರೆ ಬೀಳುವ ಹಿಮಕ್ಕೆ ಬೆಳಕು ಬಡಿದು ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬರೀ ಬಿಳಿ ಗೋಡೆ. ನಿನ್ನೆ ರಾತ್ರಿ ಬ್ಲೋವರ್ ತಳ್ಳುತ್ತಾ ಹೋಗುವಾಗ ಅಪ್ಪ ನೆನಪಾದರು. ಮಲೆನಾಡಿನ ಸಾಗರದ ಕಡೆಯ ನಮ್ಮ ಊರಲ್ಲಿ, ಜಡಿಮಳೆಯ ರಾತ್ರಿ ತೋಟದ ದಾರಿಯಲ್ಲಿ, ಅಪ್ಪ ಬ್ಯಾಟರಿ ಬೆಳಕನ್ನು ದೂರಕ್ಕೆ ಬಿಡುತ್ತಿರಲಿಲ್ಲ, ಹಿಂದೆ ಬರುವ ನನ್ನ ಕಾಲ ಬುಡಕ್ಕೇ ಹಿಡಿಯುತ್ತಿದ್ದರು. ಅಷ್ಟು ಬೆಳಕಿದ್ದರೆ ಸಾಕಾಗುತ್ತಿತ್ತು, ಅಲ್ವಾ? ಫೋಟೋ ಕಳಿಸಿದ್ದೇನೆ, ಊರಲ್ಲಿ ಬೆಳಗಾದ ಮೇಲೆ ನೋಡುತ್ತಾರೆ.

ನಾಳೆ ಮತ್ತೆ 6 ಇಂಚು ಹಿಮ ಬೀಳುತ್ತದಂತೆ.