9:21ಕ್ಕೆ ಕೊಟ್ಟ ಇಂಜೆಕ್ಷನ್

ವೈಟ್‌ಫೀಲ್ಡ್‌ನ ಕಚೇರಿಯೊಂದರಲ್ಲಿ ಅಮೆರಿಕದ ಕ್ಲಿನಿಕ್‌ಗಳ ಚಾರ್ಟ್‌ಗಳಿಗೆ ವಿಮೆ ಬಿಲ್ಲಿಗಾಗಿ ಚಿಕಿತ್ಸೆಯ ಕೋಡ್ ಹಾಕುವ ತಂಡಕ್ಕೆ ನಾನು ಕ್ಯೂಎ, ಅಂದರೆ ಅವರ ಕೆಲಸ ಸರಿಯಿದೆಯೇ ಎಂದು ಪರಿಶೀಲಿಸುವವಳು. ಸರಿಯಾಗಿ ಕೋಡ್ ಹಾಕಿದ್ದ ಹೊಸ ಹುಡುಗನ ಮೇಲೆ ಮೂರು ತಿಂಗಳ ಹಿಂದೆ ನಾನೇ ತಪ್ಪು ಹೊರಿಸಿದೆ. ಆ ನೋವು ಇನ್ನೂ ಆರಿಲ್ಲ.

ಅದೊಂದು ಕೊಲೊನೋಸ್ಕೋಪಿ (ದೊಡ್ಡ ಕರುಳಿನ ಒಳಪರೀಕ್ಷೆ) ಚಾರ್ಟ್. ಪರೀಕ್ಷೆ ನಡೆಸಿದ ವೈದ್ಯರೇ ತಮ್ಮ ಕ್ಲಿನಿಕ್‌ನಲ್ಲಿ ಮಾಡರೇಟ್ ಸೆಡೇಶನ್ (ಪೂರ್ತಿ ಎಚ್ಚರ ತಪ್ಪಿಸದ ಮಂಪರು ಮದ್ದು) ಕೊಟ್ಟಿದ್ದರು. ರೋಗಿಗೆ 58 ವರ್ಷ, ಖಾಸಗಿ ವಿಮೆ. ಅಮೆರಿಕ ಸರ್ಕಾರದ ವಿಮೆಯಾದ ಮೆಡಿಕೇರ್ ಆಗಿದ್ದರೆ ಜಿ0500 ಎಂಬ ಬೇರೆ ಕೋಡ್ ಹಾಕಬೇಕಿತ್ತು. ಹುಡುಗ ಸೆಡೇಶನ್ನಿನ ಮೊದಲ 15 ನಿಮಿಷಗಳ ಕೋಡ್ ಆದ 99152 ಒಂದನ್ನೇ ಹಾಕಿದ್ದ. ನರ್ಸ್ ಶೀಟಿನ ಮೇಲ್ಭಾಗದಲ್ಲಿದ್ದ 9:05 ಮತ್ತು 9:42 ಎಂಬ ಎರಡು ಸಮಯಗಳನ್ನಷ್ಟೇ ನೋಡಿದ ನಾನು 37 ನಿಮಿಷವೆಂದು ಲೆಕ್ಕ ಹಾಕಿ, ಹೆಚ್ಚುವರಿ ಸಮಯದ ಕೋಡ್ ಆದ 99153 ಬಿಟ್ಟುಹೋಗಿದೆಯೆಂದು ಎರರ್ ದಾಖಲಿಸಿದೆ. "ಮೇಡಂ, 9:05ಕ್ಕೆ ನರ್ಸ್ ಅಸೆಸ್‌ಮೆಂಟ್ ಶುರು ಮಾಡಿದ್ದಾರೆ, ಮಂಪರಿನ ಮಿಡಜೋಲಾಮ್ ಇಂಜೆಕ್ಷನ್ ಕೊಟ್ಟಿರುವುದು 9:21ಕ್ಕೆ" ಎಂದು ಅವನು ತನ್ನ ಆಕ್ಷೇಪಣೆಯಾದ ರಿಬಟಲ್‌ನಲ್ಲಿ ಬರೆದ. ಶಿಫ್ಟ್ ಮುಗಿಯುವುದರೊಳಗೆ ಟಾರ್ಗೆಟ್ ತಲುಪುವ ಆತುರದಲ್ಲಿದ್ದ ನಾನು ಎರಡನೆಯ ಪುಟವನ್ನೇ ತೆರೆಯದೆ ಅದನ್ನು ತಿರಸ್ಕರಿಸಿದೆ.

ಕ್ಲೈಂಟ್ ಕಾಲ್‌ನಲ್ಲಿ ಅವರ ಆಡಿಟರ್ ಅದೇ ಚಾರ್ಟನ್ನು ಪರದೆಯ ಮೇಲೆ ತಂದು, ನಿಧಾನವಾಗಿ ಕೆಳಕ್ಕೆ ಸರಿಸುತ್ತ ಹೋದರು. ಇಂಜೆಕ್ಷನ್ ಕೊಟ್ಟ ಸಾಲು ಕಾಣಿಸುವ ಮೊದಲೇ ನನಗೆ ಗೊತ್ತಾಗಿಹೋಯಿತು. ಯಾರೂ ಮಾತನಾಡಲಿಲ್ಲ, ಹುಡುಗನೂ ಅದೇ ಕಾಲ್‌ನಲ್ಲಿದ್ದ. ಸಮಯ ಶುರುವಾಗುವುದು ಮದ್ದು ಕೊಟ್ಟಾಗ, ಮುಗಿಯುವುದು ಪರೀಕ್ಷೆ ಮುಗಿದು, ರೋಗಿ ಸ್ಥಿರವಾಗಿ, ವೈದ್ಯರು ಪಕ್ಕದಿಂದ ಹೊರಟಾಗ; ಅದಕ್ಕೆ ಮುಂಚಿನ ಅಸೆಸ್‌ಮೆಂಟ್ ಆಗಲಿ, ಆಮೇಲಿನ ರಿಕವರಿಯಾಗಲಿ ಲೆಕ್ಕಕ್ಕಿಲ್ಲ. 9:21ರಿಂದ 9:42ಕ್ಕೆ 21 ನಿಮಿಷ. 99153 ಹಾಕಲು ಕನಿಷ್ಠ 23 ಬೇಕು.

2017ಕ್ಕೆ ಮೊದಲು ಕೊಲೊನೋಸ್ಕೋಪಿಯಂಥ ಹೆಚ್ಚಿನ ಎಂಡೋಸ್ಕೋಪಿ ಕೋಡ್‌ಗಳಲ್ಲಿಯೇ ಸೆಡೇಶನ್ ಸೇರಿರುತ್ತಿತ್ತು, ಅದಕ್ಕೆ ಬೇರೆಯಾಗಿ ನಿಮಿಷ ಎಣಿಸಬೇಕಿರಲಿಲ್ಲ. ನಾನು ಕೆಲಸ ಕಲಿತದ್ದು ಆ ಕಾಲದಲ್ಲಿ. ನಿಮಿಷಗಳನ್ನು ಹುಡುಕುವ ಕಣ್ಣು ಅವನಿಗಿದ್ದಷ್ಟು ನನಗಿರಲಿಲ್ಲ. ಆದರೆ ರಿಬಟಲ್ ಓದಲು ಹಳೆಯ ಅನುಭವವೇನೂ ಬೇಕಿರಲಿಲ್ಲ. ರಿಬಟಲ್ ತಿರಸ್ಕರಿಸಿದವರೇ ಅದರ ಮೇಲ್ಮನವಿಯನ್ನೂ ನೋಡುವ ನಮ್ಮ ಪದ್ಧತಿ ಸರಿಯಲ್ಲವೆಂದು ಮ್ಯಾನೇಜರ್‌ಗೆ ಎರಡು ಬಾರಿ ಬರೆದಿದ್ದೇನೆ.

ಅಂದೇ ಅವನ ಮೇಜಿಗೆ ಹೋಗಿ ಕ್ಷಮೆ ಕೇಳಿದೆ. ಎರರ್ ರದ್ದಾಯಿತು. ಆದರೆ ಆ ತಿಂಗಳ ಕ್ವಾಲಿಟಿ ಸ್ಕೋರ್ ಅಷ್ಟರೊಳಗೆ ಲಾಕ್ ಆಗಿದ್ದರಿಂದ ಅವನ ಇನ್ಸೆಂಟಿವ್ ಇನ್ನೂ ಬಂದಿಲ್ಲ.