ಪೊರಕೆ ಹಿಡಿದಾಗ ಕೆಂಪಾದ ದೀಪ

ಜನವರಿಯ ಒಂದು ಭಾನುವಾರ. ಬೆಳಿಗ್ಗೆ ಆರೂವರೆಗೆ ಎದ್ದವಳು ಮೊದಲು ನೋಡಿದ್ದು ಮಂಚದ ಪಕ್ಕದಲ್ಲಿದ್ದ ಏರ್ ಪ್ಯೂರಿಫೈಯರನ್ನು. ಗಾಳಿಯ ಧೂಳು ಸೋಸುವ ಯಂತ್ರ ಅದು, ಎಷ್ಟು ಧೂಳಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ರಾತ್ರಿ ಮಲಗುವಾಗ ಅದರ ಮೇಲೆ 112 ಎಂದಿತ್ತು. ಈಗ 109. ಇಡೀ ರಾತ್ರಿ ಓಡಿ ಇಳಿಸಿದ್ದು ಬರೀ ಮೂರು. ಮಗಳು ಅಷ್ಟರಲ್ಲಿ ನಾಲ್ಕು ಸಲ ಕೆಮ್ಮಿ ಎದ್ದು ಕೂತಿದ್ದಳು. ಹಿಂದಿನ ಸಂಜೆಯಷ್ಟೇ ಹದಿಮೂರು ಸಾವಿರ ಕೊಟ್ಟು ತರಿಸಿದ ಯಂತ್ರ. ಹೊಟ್ಟೆ ಉರಿಯಿತು.

ನಾವಿರುವುದು ಮುಂಬೈಯ ಚೆಂಬೂರಿನ ತಿಲಕನಗರದಲ್ಲಿ, ಐದನೇ ಮಾಳಿಗೆ. ಇಲ್ಲಿ ಸರ್ಕಾರಿ ವಸತಿ ಮಂಡಳಿ ಮ್ಹಾಡಾದ ಹಳೆ ಕಟ್ಟಡಗಳು ಒಂದೊಂದಾಗಿ ಉರುಳಿ ಟವರ್‌ಗಳಾಗುತ್ತಿವೆ. ನಮ್ಮ ಎದುರಿನದನ್ನು ದೀಪಾವಳಿ ಮುಗಿದ ಮೇಲೆ ಕೆಡವಿದರು. ಆಮೇಲೆ ಮನೆಯಲ್ಲಿ ಧೂಳಿನದೇ ಮಾತು. ಬೆಳಿಗ್ಗೆ ಒರೆಸಿದ ಟಿವಿ ಸ್ಟ್ಯಾಂಡಿನ ಮೇಲೆ ಸಂಜೆಗೆ ಮಗಳು ಬೆರಳಲ್ಲಿ ತನ್ನ ಹೆಸರು ಬರೆಯುತ್ತಾಳೆ. ಬಾಲ್ಕನಿಯ ತುಳಸಿ ಬೂದಿ ಬಣ್ಣಕ್ಕೆ ತಿರುಗಿದೆ. ಕಟ್ಟಡದ ಕೆಲಸ ನಡೆಯುವ ಜಾಗದ ಸುತ್ತ 25ರಿಂದ 35 ಅಡಿ ತಗಡು ನಿಲ್ಲಿಸಬೇಕು, ಹಸಿರು ಬಟ್ಟೆ ಕಟ್ಟಬೇಕು, ನೀರು ಸಿಂಪಡಿಸಬೇಕು ಎಂದು ಮಹಾನಗರಪಾಲಿಕೆ 2023ರ ಅಕ್ಟೋಬರ್‌ನಲ್ಲೇ ನಿಯಮ ಮಾಡಿದೆ. ಎದುರಿನವರು ತಗಡು ನಿಲ್ಲಿಸಿದ್ದಾರೆ. ನೀರು ಸಿಂಪಡಿಸಿದ್ದನ್ನು ನಾನು ನೋಡಿದ್ದು ಎರಡೇ ಸಲ. ತಗಡು ಎಷ್ಟೇ ಎತ್ತರ ಇದ್ದರೂ ಐದನೇ ಮಾಳಿಗೆಯ ಕಿಟಕಿಗೆ ಅದರಿಂದ ಏನು ರಕ್ಷಣೆ? ಅದರಲ್ಲೂ ಮುಂಬೈಯ ಚಳಿಗಾಲ. ರಾತ್ರಿ, ಬೆಳಗಿನ ಹೊತ್ತು ಗಾಳಿ ಆಡುವುದಿಲ್ಲ, ಧೂಳು ಮೇಲೇರದೆ ಅಲ್ಲೇ ತಗ್ಗಿನಲ್ಲಿ ನಿಂತುಬಿಡುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಬೀಸಿದ ಮೇಲೆಯೇ ಸ್ವಲ್ಪ ಉಸಿರಾಡುವ ಹಾಗಾಗುವುದು.

ಪ್ಲಗ್ ತೆಗೆದು ಯಂತ್ರದ ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ದುಂಡಗಿನ ಬಿಳಿ ಫಿಲ್ಟರ್, ಮಡಿಕೆ ಮಡಿಕೆಯ ಕಾಗದದ ಹಾಗೆ. ಅದರ ಮೇಲೆ ಬಿಗಿಯಾಗಿ ಪ್ಲಾಸ್ಟಿಕ್ ಚೀಲ! ಗಾಳಿ ಹೋಗುವುದಾದರೂ ಎಲ್ಲಿಂದ? ತಂದುಕೊಟ್ಟ ಹುಡುಗ ಸ್ವಿಚ್ ಹಾಕಿ, ದೀಪ ಹತ್ತಿದ್ದನ್ನು ತೋರಿಸಿ, ಸಹಿ ಹಾಕಿಸಿಕೊಂಡು ಹೋಗಿದ್ದ. ಚೀಲ ತೆಗೆಯಬೇಕೆಂದು ಒಂದು ಮಾತು ಹೇಳಿದ್ದರೆ ಮಗು ಆ ರಾತ್ರಿ ನಿದ್ದೆ ಮಾಡುತ್ತಿತ್ತು. ಹೊಸದಾಗಿ ತರುವವರು ದಯವಿಟ್ಟು ಮೊದಲು ಇದನ್ನು ನೋಡಿ.

ಚೀಲ ಹರಿದು ತೆಗೆದು, ಕೋಣೆಯ ಬಾಗಿಲು ಕಿಟಕಿ ಹಾಕಿ, ಪೂರ್ತಿ ಸ್ಪೀಡಿನಲ್ಲಿ ಬಿಟ್ಟೆ. 109 ಇದ್ದದ್ದು 90, 71, 52. ಅರ್ಧ ಗಂಟೆಯೊಳಗೆ 28. ಆ ಅಂಕಿ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಸಣ್ಣ ಧೂಳಿದೆ ಎನ್ನುವ ಅಂದಾಜು. 24 ಗಂಟೆಯ ಸರಾಸರಿ 60 ದಾಟಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ 15 ಎನ್ನುತ್ತಿದೆ. 28 ನೋಡಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮಗಳ ಪಕ್ಕದಲ್ಲಿ ಸುಮ್ನೆ ಹತ್ತು ನಿಮಿಷ ಮಲಗಿಬಿಟ್ಟೆ.

ಎಂಟು ಗಂಟೆಗೆ ಅತ್ತೆ ಕೋಣೆ ಗುಡಿಸಲು ಬಂದರು. ಕುಂದಾಪುರದ ಕಡೆಯವರು, ನಮ್ಮ ಜೊತೆ ಇರಲು ಬಂದು ಮೂರು ವರ್ಷ. ಭಾನುವಾರ ಕೆಲಸದ ಬಾಯಿ ಬರುವುದಿಲ್ಲ, ಪೊರಕೆ ಅವರದೇ. ಮಂಚದ ಕೆಳಗೆ ಬಗ್ಗಿ ಪೊರಕೆ ಆಡಿಸಿದ್ದೇ ತಡ, ಯಂತ್ರ ಭುಸುಗುಟ್ಟಲು ಶುರು ಮಾಡಿತು. ನೀಲಿ ದೀಪ ಕೆಂಪಾಯಿತು. 28 ಇದ್ದದ್ದು 146.

"ಏನು ಮಾರಾಯ್ತಿ ಇದು, ನನ್ನ ಕಂಡರೆ ಆಗೋದಿಲ್ವಾ ಇದಕ್ಕೆ?" ಅತ್ತೆ ಪೊರಕೆ ಹಿಡಿದುಕೊಂಡೇ ನಿಂತರು. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ಸುತ್ತುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.

ನನಗೆ ವಿಷಯ ಹೊಳೆದದ್ದು ಆಗ. ಟಿವಿ ಮೇಲೆ ಕೂರುವ ಧೂಳೇ ಬೇರೆ, ಯಂತ್ರ ಹಿಡಿಯುವ ಧೂಳೇ ಬೇರೆ. ದಪ್ಪ ಕಣ ಬೇಗ ಕೆಳಗೆ ಬೀಳುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಲುಗದ ಗಾಳಿಯಲ್ಲಿ 10 ಮೈಕ್ರಾನಿನ ಕಣ ಎದೆಯೆತ್ತರದಿಂದ ನೆಲ ಮುಟ್ಟಲು ಏಳೆಂಟು ನಿಮಿಷ ಸಾಕು. 2.5 ಮೈಕ್ರಾನಿನದಕ್ಕೆ ಹತ್ತಿರಹತ್ತಿರ ಎರಡು ಗಂಟೆ ಬೇಕು. ಅದಕ್ಕಿಂತ ಸಣ್ಣದು ದಿನವಿಡೀ ತೇಲುತ್ತಲೇ ಇರುತ್ತದೆ, ನಮ್ಮ ಎದೆಗೂಡಿನೊಳಗೆ ಇಳಿಯುವುದೂ ಅದೇ. ಯಂತ್ರದೊಳಗಿನ ಆ ಮಡಿಕೆಯ ಫಿಲ್ಟರ್, ಹೆಪಾ ಅನ್ನುತ್ತಾರೆ ಅದಕ್ಕೆ, ಹಿಡಿಯುವುದು ಹೀಗೆ ತೇಲಿಕೊಂಡು ತನ್ನ ಬಾಯಿಗೆ ಬಂದದ್ದನ್ನು. ಆಗಲೇ ಸೋಫಾ ಮೇಲೆ ಕೂತ ಧೂಳಿಗೂ ಅದಕ್ಕೂ ಸಂಬಂಧವೇ ಇಲ್ಲ. ನಾವು ಒಣ ಪೊರಕೆಯಲ್ಲಿ ಅದನ್ನು ಎಬ್ಬಿಸಿ ಮತ್ತೆ ಮಗುವಿನ ಮೂಗಿನ ಎತ್ತರಕ್ಕೆ ತರುತ್ತಿದ್ದೆವು. ಅದೂ ದಿನಕ್ಕೆ ಎರಡು ಸಲ, ಶುದ್ಧ ಮಾಡುತ್ತಿದ್ದೇವೆ ಎಂದುಕೊಂಡು.

ಅತ್ತೆಗೆ ಇದನ್ನು ಹೇಗೆ ಹೇಳುವುದು ಎಂದು ನಾನು ಮಾತು ಹುಡುಕುತ್ತಿದ್ದೆ. ಅವರೇ ಹೇಳಿದರು. "ಊರಲ್ಲಿ ಅಂಗಳಕ್ಕೆ ನೀರು ಚಿಮುಕಿಸದೆ ಹಿಡಿಸೂಡಿ ಹಾಕ್ತಿರಲಿಲ್ಲ ನಾವು. ಧೂಳು ಏಳಬಾರದು ಅಂತಲೇ ಅಲ್ವಾ? ಇಲ್ಲಿ ಟೈಲ್ಸ್ ನೋಡಿ ಮರೆತೇ ಹೋಯ್ತು." ಒಳಗೆ ಹೋಗಿ ಒದ್ದೆ ಬಟ್ಟೆ ತಂದರು. ಹಿಂಡಿ, ನೆಲಕ್ಕೆ ಕೂತು, ಮೂಲೆಯಿಂದ ಬಾಗಿಲ ಕಡೆಗೆ ಎಳೆದುಕೊಂಡು ಬಂದರು. ಬಕೆಟ್ಟಿನ ನೀರು ಸಿಮೆಂಟ್ ಕಲಸಿದ ಹಾಗಾಯಿತು. ಯಂತ್ರದ ಅಂಕಿ ಏರಲೇ ಇಲ್ಲ.

ಆಮೇಲೆ ಇಡೀ ದಿನ ಅದನ್ನು ಮನೆಯೆಲ್ಲಾ ಹೊತ್ತುಕೊಂಡು ತಿರುಗಿದೆವು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದಾಗ ಏರಿತು, ಚಿಮಣಿ ಹಾಕಿದರೆ ಬೇಗ ಇಳಿಯಿತು. ದೇವರ ಮುಂದೆ ಎರಡು ಊದುಬತ್ತಿ ಹಚ್ಚಿದಾಗ ಇನ್ನೂರು ದಾಟಿತು. ನನಗೆ ಅಷ್ಟು ನಿರೀಕ್ಷೆ ಇರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, "ದೀಪ ಸಾಕು, ಹೂವು ಹೇಗೂ ಇದೆಯಲ್ಲ" ಎಂದರು. ಆ ಮಾತಿಗೆ ನಾನು ಅವರಿಗೆ ಋಣಿ.

ಮಕ್ಕಳ ಡಾಕ್ಟರು ಮುಂಚೆಯೇ ಹೇಳಿದ್ದರು, ಯಂತ್ರಕ್ಕಿಂತ ಮೊದಲು ದಿಂಬು ನೋಡಿ ಎಂದು. ಧೂಳಿನ ನುಸಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಇರುವುದು ಹಾಸಿಗೆ ದಿಂಬಿನೊಳಗೆ. ಅದರ ಹಿಕ್ಕೆಯ ಕಣಗಳು ಭಾರ, ಗಾಳಿಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಹಾಗಾಗಿ ಫಿಲ್ಟರಿಗೆ ಸಿಗುವುದೂ ಕಡಿಮೆ. ಆ ದಿನವೇ ಹಾಸಿಗೆ ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಮೆಷಿನ್ನಿಗೆ ಹಾಕಿದೆ. ಮಗಳ ಎರಡು ಟೆಡ್ಡಿಗಳೂ ಹೋದವು. ಅವಳು ಮೆಷಿನ್ನಿನ ಗಾಜಿನ ಮುಂದೆ ಕೂತು ಕಾದಳು.

ಮಧ್ಯಾಹ್ನ ಎರಡರಿಂದ ನಾಲ್ಕು ಕಿಟಕಿ ಪೂರ್ತಿ ತೆರೆದೆವು. ಭಾನುವಾರ ಎದುರಿನ ಕೆಲಸ ನಿಂತಿತ್ತು, ಪಡುವಣ ಗಾಳಿ ಚೆನ್ನಾಗಿತ್ತು. ಇದು ಮುಖ್ಯ. ಮುಚ್ಚಿದ ಕೋಣೆಯಲ್ಲಿ ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ, ಅದನ್ನು ಯಾವ ಫಿಲ್ಟರೂ ತೆಗೆಯುವುದಿಲ್ಲ.

ಸಂಜೆ ಕೂತು ಲೆಕ್ಕ ಹಾಕಿದೆ. ಕೋಣೆ 12 ಅಡಿಗೆ 10, ಎತ್ತರ 9. ಅಂದರೆ ಸುಮಾರು 30 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಸೋಸಬೇಕೆಂದರೆ 150 ಘನ ಮೀಟರ್ ಬೇಕು. ಡಬ್ಬಿಯ ಮೇಲೆ ಬರೆದದ್ದು 230. ಆದರೆ ಅದು ಪೂರ್ತಿ ಸ್ಪೀಡಿನ ಲೆಕ್ಕ. ನಿದ್ದೆಗೆಂದು ಸದ್ದು ತಗ್ಗಿಸಿದರೆ ಸೋಸುವುದೂ ತಗ್ಗುತ್ತದೆ. ಹಾಗಾಗಿ ಮಲಗುವ ಒಂದು ಗಂಟೆ ಮೊದಲೇ ಬಾಗಿಲು ಹಾಕಿ ಜೋರಾಗಿ ಓಡಿಸಿ, ಆಮೇಲೆ ಮಧ್ಯದ ಸ್ಪೀಡಿಗೆ ಇಳಿಸಿದೆ.

ರಾತ್ರಿ ಹನ್ನೊಂದೂವರೆಗೆ ಎದುರಿಗೆ ಲಾರಿ ಬಂದು ಜಲ್ಲಿ ಸುರಿಯಿತು. ಎದ್ದು ನೋಡಿದೆ, 31. ಮಗಳು ಮಗ್ಗಲು ಬದಲಿಸಿದಳು. ಬೆಳಗಿನವರೆಗೆ ಒಂದೇ ಸಲ ಕೆಮ್ಮಿದಳು.

ಸೋಮವಾರ ಅಡುಗೆಮನೆಗೆ ಹೋದರೆ ಅತ್ತೆ ಆಗಲೇ ಮಾವನ ಹಳೆ ಪಂಚೆಯೊಂದನ್ನು ಕತ್ತರಿಸಿ ಆರು ತುಂಡು ಮಾಡಿದ್ದರು. ನಾಲ್ಕು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಇನ್ನೆರಡನ್ನು ಮಡಚಿ, ಕೆಲಸದ ಬಾಯಿ ಬಂದರೆ ಕೊಡು ಎಂದು ಬಾಗಿಲ ಹತ್ತಿರ ಇಟ್ಟಿದ್ದರು.